ಉರುಕುಂದದ ಎರೆಭೂಮಿ ಮತ್ತು ಮಾಗಿಯ ಚುಕ್ಕಿಗಳು

ಶ್ರಾವಣ ಮಾಸ ಬಂತೆಂದರೆ ಸಿರುಗುಪ್ಪ, ಬಳ್ಳಾರಿ, ಸಿಂಧನೂರು, ರಾಯಚೂರು ಕಡೆಯ ಜನ ಉರುಕುಂದದ ಈರಣ್ಣಸ್ವಾಮಿಯ ದರ್ಶನಕ್ಕೆ ಹೊರಡುತ್ತಾರೆ. ಬಸ್ಸು, ಟ್ರ್ಯಾಕ್ಟರು, ಕಾಲ್ನಡಿಗೆ, ಎಲ್ಲವೂ ಉಂಟು. ನರಸಿಂಹನೆಂದೂ ಈರಣ್ಣನೆಂದೂ ಕರೆಸಿಕೊಳ್ಳುವ ಆ ದೇವರ ಸನ್ನಿಧಿಯಲ್ಲಿ ತೆಲುಗಿನವರು ಯಾರು, ಕನ್ನಡದವರು ಯಾರು ಎಂದು ಗುರುತಿಸುವುದೇ ಕಷ್ಟ. ಕಾಯಿ ಒಡೆಸಿ, ಅಲ್ಲಿಂದ ಮಂತ್ರಾಲಯಕ್ಕೆ ಹೋಗಿ, ತುಂಗಭದ್ರೆಯಲ್ಲಿ ಮಿಂದು ಎಲ್ಲರೂ ಊರು ಸೇರುತ್ತಾರೆ. ದಾರಿಯಲ್ಲಿ ಏನು ನೋಡಿದಿರಿ ಎಂದು ಕೇಳಿದರೆ "ಏನಿದೆ ಅಲ್ಲಿ, ಬರೀ ಬಯಲು" ಎನ್ನುತ್ತಾರೆ. ಆ ಬರೀ ಬಯಲಿನ ವಿಷಯವನ್ನೇ ನಾವು ಈ ಸಲ ವಾಚಕರ ಮುಂದೆ ಇಡುತ್ತಿದ್ದೇವೆ.

ನಮ್ಮದು ಹತ್ತಿ ಮತ್ತು ಎಣ್ಣೆಕಾಳಿನ ದಲಾಲಿ ಅಂಗಡಿ. ಓದಿದ್ದು ಮೆಟ್ರಿಕ್‌ವರೆಗೆ. ಆಮೇಲೆ ತಂದೆಯವರ ಪಕ್ಕದಲ್ಲಿ ಗಾದಿಯ ಮೇಲೆ ಕುಳಿತವರು ಇಂದಿಗೂ ಎದ್ದಿಲ್ಲ. ಆದೋನಿಯ ಹತ್ತಿ ಮಾರುಕಟ್ಟೆಗೂ, ಕೌತಾಳ, ಕೋಸಿಗಿ, ಉರುಕುಂದದ ಸುತ್ತಲಿನ ಹೊಲಗಳಿಗೂ ನಲವತ್ತು ವರ್ಷಗಳಿಂದ ತಿರುಗುತ್ತಿದ್ದೇವೆ. ಹತ್ತಿ ಬಿಡಿಸುವ ಕಾಲ ಮಾಗಿಯ ಕಾಲವಾದ್ದರಿಂದ ಈ ಸೀಮೆಯನ್ನು ನಾವು ನೋಡಿದ್ದೆಲ್ಲ ಚಳಿಗಾಲದಲ್ಲಿಯೇ. ಶ್ರಾವಣದ ಗದ್ದಲದಲ್ಲಿ ಕಾಣದ ಉರುಕುಂದ ಆಗ ಕಾಣುತ್ತದೆ.

ಹಿರಿಯರ ಬಾಯಲ್ಲಿ ಆದೋನಿ 'ಆದವಾನಿ'. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು, ಬಳ್ಳಾರಿ ಈ ಕಡೆಗೆ ಬಂತು. ಗಡಿ ಕಾಗದದ ಮೇಲೆ ಬದಲಾಯಿತು. ಎರೆಮಣ್ಣಿಗೆ ಅದು ತಿಳಿಯಲಿಲ್ಲ, ವ್ಯಾಪಾರಕ್ಕೂ ತಿಳಿಯಲಿಲ್ಲ. ಇವತ್ತಿಗೂ ಕೌತಾಳದ ಸಂತೆಯಲ್ಲಿ ಒಂದು ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ.

ಈಗ ಚಿತ್ರದ ವಿಷಯ. ಹಲವು ವರ್ಷಗಳ ಹಿಂದೆ ಸಮಾಜದವರೊಡನೆ ರಾಜಸ್ಥಾನದ ಯಾತ್ರೆ ಮಾಡಿದ್ದೆವು. ಜೈಸಲ್ಮೇರ್ ಕೋಟೆಯೊಳಗಿನ ಬಸದಿಗಳು, ಊರ ಹೊರಗಿನ ಲೋದ್ರವಾದ ಪಾರ್ಶ್ವನಾಥ ಮಂದಿರ, ಎಲ್ಲವೂ ಹಳದಿ ಕಲ್ಲಿನವು. ಸಂಜೆಯ ಬಿಸಿಲು ಬಿದ್ದರೆ ಬಂಗಾರದ ಹಾಗೆ ಹೊಳೆಯುತ್ತವೆ. ಅಲ್ಲಿಂದ ಸಮ್ ಎಂಬಲ್ಲಿಯ ಮರಳುದಿಣ್ಣೆ ನೋಡಲು ಕರೆದೊಯ್ದರು. ಎಲ್ಲರೂ ಒಂಟೆ ಹತ್ತುವ ಸಡಗರದಲ್ಲಿದ್ದರೆ ನಾವು ಒಂದು ಕಡೆ ನಿಂತುಬಿಟ್ಟೆವು. ಒಬ್ಬ ಹುಡುಗ ಮರಳಿನಲ್ಲಿ ಮೂರು ಕಾಲಿನ ಕಟ್ಟಿಗೆ ಚೌಕಟ್ಟು ನಿಲ್ಲಿಸಿಕೊಂಡು ಎಣ್ಣೆಬಣ್ಣದಲ್ಲಿ ದಿಣ್ಣೆ ಬರೆಯುತ್ತಿದ್ದ. ನಮ್ಮ ಕಣ್ಣಿಗೆ ಒಂದೇ ಬಣ್ಣದ ಮರಳು. ಅವನ ಹಲಗೆಯ ಮೇಲೆ ನೇರಳೆ, ಗುಲಾಬಿ, ಬೂದಿ, ತಿಳಿಹಸಿರು. ಇವೆಲ್ಲ ಎಲ್ಲಿವೆ ಎಂದು ಕೇಳಿದೆವು. "ನೆರಳು ನೋಡಿ" ಎಂದು ಹಿಂದಿಯಲ್ಲಿ ಅಂದು ತನ್ನ ಕೆಲಸಕ್ಕೆ ತಿರುಗಿದ. ನೋಡಿದೆವು. ಇದ್ದವು! ಊರಿಗೆ ಬಂದ ಮೇಲೆ ಒಂದು ಬಣ್ಣದ ಪೆಟ್ಟಿಗೆ ಕೊಂಡೆವು.

ಬರೆಯುವುದಾದರೆ ಮರಳುಗಾಡು ಬರೆಯಬೇಕೆಂಬ ಹಂಬಲ ಹತ್ತಿತ್ತು. ಆದರೆ ದಲಾಲಿ ಅಂಗಡಿಯವನಿಗೆ ವರ್ಷಕ್ಕೊಮ್ಮೆ ಜೈಸಲ್ಮೇರ್ ಎಲ್ಲಿಂದ ಬಂತು? ಆಗ ಹೊಳೆದದ್ದು ನಮ್ಮ ಈ ಸೀಮೆ. ಪಡುವಣ ಘಟ್ಟಗಳು ಮಳೆಯನ್ನೆಲ್ಲ ಆಚೆಯೇ ಸುರಿಸಿಕೊಂಡು ಇಲ್ಲಿಗೆ ಬರೀ ಗಾಳಿ ಕಳಿಸುತ್ತವೆ. ಪಕ್ಕದ ಅನಂತಪುರ ಜಿಲ್ಲೆಯನ್ನು ಮಳೆಯ ಲೆಕ್ಕದಲ್ಲಿ ಜೈಸಲ್ಮೇರಿನ ತಮ್ಮ ಎಂದು ಹೇಳುವುದುಂಟು. 1876ರಿಂದ 78ರವರೆಗಿನ ಬರದಲ್ಲಿ ಬಳ್ಳಾರಿ, ಕರ್ನೂಲು ಜಿಲ್ಲೆಗಳಷ್ಟು ನೊಂದ ಸೀಮೆಗಳು ಕಡಿಮೆ. ಮರಳಿಲ್ಲ ಎಂಬುದೊಂದೇ ಬಾಕಿ. ಅದೂ ಪೂರ್ತಿ ನಿಜವಲ್ಲ, ಮುಂದೆ ಹೇಳುತ್ತೇವೆ.

ಉರುಕುಂದದ ಊರ ಹೊರಗೆ ಎರೆಹೊಲ. ದೂರದಲ್ಲಿ ಕಗ್ಗಲ್ಲಿನ ಗುಡ್ಡಗಳು, ಯಾರೋ ಕೈಯಿಂದ ಪೇರಿಸಿಟ್ಟಂಥ ಗುಂಡುಗಳು. ಮಧ್ಯೆ ಕಾಲುವೆ ನೀರು ತಲುಪಿದ ಕಡೆ ಒಂದು ಪಟ್ಟಿ ಹಸಿರು, ಮಿಕ್ಕಿದ್ದೆಲ್ಲ ಬಿಳಿಜೋಳ, ಕಡಲೆ, ಹತ್ತಿಕಟ್ಟಿಗೆ. ಕಪ್ಪುಮಣ್ಣು ಎಂದು ಕರೆಯುತ್ತೇವಲ್ಲ, ಅದನ್ನು ಕಪ್ಪು ಬಣ್ಣದಲ್ಲಿ ಬರೆದರೆ ಹೊಲವಾಗುವುದಿಲ್ಲ, ಡಾಂಬರು ರಸ್ತೆಯಾಗುತ್ತದೆ. ಬೆಳಿಗ್ಗೆ ಇಬ್ಬನಿ ಕುಡಿದಿದ್ದಾಗ ಅದು ಹುರಿದ ಕಾಫಿಬೀಜದ ಬಣ್ಣ. ಹನ್ನೆರಡು ಗಂಟೆಗೆ ಬೂದಿ. ಬಿರುಕು ಬಿಟ್ಟಲ್ಲಿ ಮಾತ್ರ ನಿಜವಾದ ಕಪ್ಪು, ಅದೂ ಒಂದು ಗೆರೆಯಷ್ಟು. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಮಾಗಿ ಮುಗಿಯುವ ಹೊತ್ತಿಗೆ ಬಿರುಕಿನೊಳಗೆ ಕೈ ಇಳಿಸಬಹುದು. ಸಂಜೆ ಐದರ ಮೇಲೆ ಹೊಲವೆಲ್ಲ ಬದನೆಕಾಯಿ ಬಣ್ಣಕ್ಕೆ ತಿರುಗುತ್ತದೆ. ಇದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಬಣ್ಣ ಕಲಸಿ ಹಚ್ಚಿದರೆ ಉಂಟು, ಇಲ್ಲದಿದ್ದರೆ ನಾಳೆ ಬಾ.

ಕನ್ನಡ ನಾಡಿನಲ್ಲಿ ನಿಸರ್ಗಚಿತ್ರ ಎಂದರೆ ಕೆ. ವೆಂಕಟಪ್ಪನವರ ನೀಲಗಿರಿಯ ಮಂಜು ನೆನಪಾಗುತ್ತದೆ, ರುಮಾಲೆ ಚೆನ್ನಬಸವಯ್ಯನವರ ಹೂಬಿಟ್ಟ ಮರಗಳು ನೆನಪಾಗುತ್ತವೆ. ಇಬ್ಬರೂ ದೊಡ್ಡವರು. ಎರೆಹೊಲಕ್ಕೆ ಮಾತ್ರ ಆ ಭಾಗ್ಯ ಇನ್ನೂ ಬಂದಂತಿಲ್ಲ. ನಮ್ಮ ಅಂಗಡಿಗೆ ಮೊದಲಿನಿಂದ ಹತ್ತಿ ತರುವ ರೈತನೊಬ್ಬನ ಹೊಲದ ಬದುವಿನಲ್ಲೇ ನಾವು ಚಿತ್ರ ಬರೆಯಲು ಕೂರುವುದು. ಅವನು ಮೊದಲ ಸಲ ನೋಡಿ, "ಸಾವ್ಕಾರ್ರೆ, ಬೆಳಿ ಇದ್ದಾಗ ಬರ್ರಿ. ಖಾಲಿ ಹೊಲದಾಗ ಏನೈತಂತ ಬರೀತೀರಿ?" ಅಂದ. ಈಗ ಅಭ್ಯಾಸವಾಗಿದೆ. ಬಣ್ಣ ಹತ್ತಿದ ಕೈ ತೊಳೆಯಲು ನೀರು ತಂದಿಡುತ್ತಾನೆ.

ಎಣ್ಣೆಬಣ್ಣ ಎಂದರೆ ಏನೋ ವಿಲಾಯಿತಿ ವಿದ್ಯೆ ಎಂದು ನಮ್ಮ ಮನೆಗಳಲ್ಲಿ ಹೆದರುತ್ತಾರೆ. ಬಿಚ್ಚಿ ನೋಡಿದರೆ ಅದರಲ್ಲಿ ಇರುವುದೆಲ್ಲ ನಮ್ಮ ಪೇಟೆಯ ಮಾಲೇ. ಬಟ್ಟೆ ಹತ್ತಿಯದು. ದುಬಾರಿ ಬಟ್ಟೆ ಬೇಕೆಂದರೆ ಅಗಸೆನಾರಿನದು. ಬಣ್ಣದ ಪುಡಿಯನ್ನು ಅರೆಯುವುದು ಅಗಸೆ ಎಣ್ಣೆಯಲ್ಲಿ. ಹೀಗೆ ಎಣ್ಣೆಯೂ ಬಟ್ಟೆಯೂ ಒಂದೇ ಜಾತಿಯ ಗಿಡದ್ದು. ಅಗಸೆ ಎಣ್ಣೆಯೇ ಏಕೆ, ಶೇಂಗಾ ಎಣ್ಣೆ ಏಕಾಗದು? ಎಣ್ಣೆ ವ್ಯಾಪಾರಿಗೆ ಇದು ಸುಲಭ. ಶೇಂಗಾ ಎಣ್ಣೆ ವರ್ಷ ಬಿಟ್ಟರೂ ಜಿಡ್ಡಾಗಿಯೇ ಇರುತ್ತದೆ. ಅಗಸೆ ಎಣ್ಣೆಯನ್ನು ತೆಳ್ಳಗೆ ಬಳಿದರೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಾಲ್ಕಾರು ದಿನದಲ್ಲಿ ಗಟ್ಟಿ ಪೊರೆಯಾಗುತ್ತದೆ. ನೀರು ಆರಿದ ಹಾಗೆ ಆರುವುದಲ್ಲ ಅದು, ತೂಕ ಹೆಚ್ಚುತ್ತದೆಯೇ ಹೊರತು ಮೊದಲಿಗೆ ಕಡಿಮೆಯಾಗುವುದಿಲ್ಲ. ಅದಕ್ಕೆ ಕಾಲಾಂತರದಲ್ಲಿ ಹಳದಿಗಟ್ಟುವ ಗುಣ ಇರುವುದರಿಂದ ಬಿಳಿ ಬಣ್ಣವನ್ನು ಕುಸುಬೆ ಎಣ್ಣೆಯಲ್ಲಿ ಅರೆಯುವುದುಂಟು. ದನ ನುಗ್ಗದಿರಲೆಂದು ಜೋಳದ ಹೊಲದ ಅಂಚಿಗೆ ಮುಳ್ಳಿನ ಕುಸುಬೆ ಬಿತ್ತುತ್ತಾರಲ್ಲ, ಅದೇ ಕುಸುಬೆ! ಮಣ್ಣಿನ ಬಣ್ಣಗಳಂತೂ ಕಬ್ಬಿಣದ ತುಕ್ಕು ಬೆರೆತ ಜೇಡಿ. ಹಳದಿ ಮಣ್ಣನ್ನು ಕಾಸಿದರೆ ಕಾವಿಯಾಗುತ್ತದೆ. ಆಕಾಶಕ್ಕೆ ಹಚ್ಚುವ ಅಲ್ಟ್ರಾಮರೀನ್ ನೀಲಿ ಒಂದು ಕಾಲದಲ್ಲಿ ಆಫ್ಘಾನಿಸ್ತಾನದ ಕಲ್ಲಿನಿಂದ ಬರುತ್ತಿತ್ತು, ಬಂಗಾರದ ಬೆಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಕಾರ್ಖಾನೆಯಲ್ಲಿ ಮಾಡುವುದನ್ನು ಕಲಿತ ಮೇಲೆ ಎಷ್ಟು ಅಗ್ಗವಾಯಿತೆಂದರೆ, ನಮ್ಮ ತಾಯಂದಿರು ಬಿಳಿಬಟ್ಟೆಗೆ ಹಾಕುತ್ತಿದ್ದ ನೀಲಿಪುಡಿಯೂ ಅದೇ ಆಯಿತು.

ಇಲ್ಲಿ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಹತ್ತಿಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಗಾಳಿಯನ್ನು ಹೀರುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸೇರಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅರಳೆ ಗೋದಾಮಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಟ್ಟೆಯನ್ನು ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಇನ್ನು ನಮ್ಮ ಸಮಾಜದ ತಾಯಿತಂದೆಯರು ತಿಳಿಯಬೇಕಾದ ಒಂದು ಮಾತಿದೆ. ಮಕ್ಕಳು ಡ್ರಾಯಿಂಗ್ ಕ್ಲಾಸಿಗೆ ಹೋಗುತ್ತಾರೆ, ಕುಂಚ ಬೇಕೆನ್ನುತ್ತಾರೆ, ನಾವು ಕೊಡಿಸುತ್ತೇವೆ. ಆ ಕುಂಚದ ಕೂದಲು ಯಾವುದು? ಎಣ್ಣೆಬಣ್ಣದ ಬಿರುಸು ಕುಂಚ ಹಂದಿಯ ರೋಮದ್ದು. ಒಂಟೆ ಕೂದಲು ಎಂದು ಮಾರುವುದರಲ್ಲಿ ಒಂಟೆಯದು ಒಂದೆಳೆಯೂ ಇರುವುದಿಲ್ಲ, ಸಾಮಾನ್ಯವಾಗಿ ಅಳಿಲಿನದು, ಮೇಕೆಯದು. ನಮ್ಮ ದೇಶದಲ್ಲಿ ಬಹುಕಾಲ ಒಳ್ಳೆಯ ಕುಂಚ ಎಂದರೆ ಮುಂಗುಸಿ ಕೂದಲಿನದು ಎಂಬ ಹೆಸರಿತ್ತು. ಆ ಕೂದಲಿಗಾಗಿ ಮುಂಗುಸಿಗಳನ್ನು ಹಿಡಿದು ಕೊಲ್ಲುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಮುಂಗುಸಿ ರಕ್ಷಿತ ಪ್ರಾಣಿ. ಅದರ ಕೂದಲು ಮಾರುವುದು ಅಪರಾಧ. ಆದರೂ ಕದ್ದು ಮಾರಿ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ನಾವು ಮೊದಲ ದಿನ ಅಂಗಡಿಯಲ್ಲಿ ಕೇಳಿದ್ದು ಬೆಲೆಯನ್ನಲ್ಲ, ಇದು ಯಾವುದರ ಕೂದಲು ಎಂದು. ಹುಡುಗ ತಬ್ಬಿಬ್ಬಾದ, ಮಾಲೀಕರನ್ನು ಕರೆದ. ಕೊನೆಗೆ ನೈಲಾನ್ ಕುಂಚ ಕೊಂಡು ಬಂದೆವು. ಹತ್ತು ಹನ್ನೆರಡು ವರ್ಷದಿಂದ ಅದರಲ್ಲೇ ಬರೆಯುತ್ತಿದ್ದೇವೆ, ಕೆಲಸಕ್ಕೆ ಏನೂ ಕೊರತೆಯಾಗಿಲ್ಲ. ಈಗಿನ ನೈಲಾನ್ ಕುಂಚಗಳು ಹಿಂದಿನ ಹಾಗೆ ಜೋತುಬೀಳುವುದೂ ಇಲ್ಲ.

ಕುಂಚ ಒಂದೇ ಅಲ್ಲ. 'ಐವರಿ ಬ್ಲ್ಯಾಕ್' ಎಂಬ ಕಪ್ಪು ಸುಟ್ಟ ಎಲುಬಿನ ಪುಡಿ. ಅದರ ಬದಲು ದೀಪದ ಮಸಿಯ 'ಲ್ಯಾಂಪ್ ಬ್ಲ್ಯಾಕ್' ಅಥವಾ ಕಬ್ಬಿಣದ 'ಮಾರ್ಸ್ ಬ್ಲ್ಯಾಕ್' ತೆಗೆದುಕೊಳ್ಳಬಹುದು. ಅಪ್ಪಟ 'ಕಾರ್ಮಿನ್' ಕೆಂಪು ಒಂದು ಜಾತಿಯ ಹುಳುವನ್ನು ಒಣಗಿಸಿ ತೆಗೆದದ್ದು. ಬಟ್ಟೆಗೆ ಮೊದಲು ಬಳಿಯುವ ಹಳೆಯ ಕಾಲದ ಅಂಟು ಪ್ರಾಣಿಗಳ ಚರ್ಮ ಬೇಯಿಸಿ ತೆಗೆದದ್ದು. ಅದಕ್ಕೆ ಬದಲಾಗಿ ಈಗ ಅಕ್ರಿಲಿಕ್ ಲೇಪ ಎಲ್ಲೆಡೆ ಸಿಗುತ್ತದೆ. ಮೆರುಗಿಗೆ ಅರಗಿನ ಶೆಲಾಕ್ ಬೇಡ, ಡಾಮರ್ ಎಂಬ ಮರದ ಅಂಟು ಸಾಕು. ತೆಳುಮಾಡಲು ಬಳಸುವ ಟರ್ಪೆಂಟೈನ್ ದೇವದಾರು ಜಾತಿಯ ಮರದ ರಸ. ಇಷ್ಟು ನೋಡಿಕೊಂಡರೆ ಒಂದು ಜೀವಕ್ಕೂ ನೋವಾಗದ ಹಾಗೆ ಎಣ್ಣೆಚಿತ್ರ ಬರೆಯಬಹುದು. ಮೂಡಬಿದಿರೆಯ ಧವಳಾ ತಾಳೆಗರಿಗಳ ಮೇಲೆ ಎಂಟು ಒಂಬತ್ತು ನೂರು ವರ್ಷಗಳ ಹಿಂದೆಯೇ ಬಣ್ಣದ ಚಿತ್ರಗಳನ್ನು ಬರೆಸಿದ ಪರಂಪರೆ ನಮ್ಮದು. ಚಿತ್ರಕಲೆ ನಮ್ಮ ಮನೆಗಳಿಗೆ ಹೊಸದಲ್ಲ, ಕೇಳಿ ಕೊಳ್ಳುವ ಅಭ್ಯಾಸ ಮಾತ್ರ ಬೇಕು.

ಕಣ್ಣಿನ ವಿಷಯ ಬರೆಯದಿದ್ದರೆ ಈ ಪ್ರವಾಸದ ಕಥೆ ಅರ್ಧವಾಗುತ್ತದೆ. ಮೂರು ವರ್ಷದ ಕೆಳಗೆ ಉರುಕುಂದದ ಒಂದು ಚಿತ್ರ ಮುಗಿಸಿ ಪಡಸಾಲೆಯಲ್ಲಿ ಒರಗಿಸಿದ್ದೆವು. ನಮ್ಮ ಮನೆಯವರು ಬಂದು ನೋಡಿ, "ಏನ್ರೀ, ಗುಡ್ಡಕ್ಕೆಲ್ಲ ಅರಿಶಿಣ ಬಳಿದಿದ್ದೀರಲ್ಲ, ಮದುವೆಯೇನು ಅದಕ್ಕೆ?" ಅಂದರು. ನಮಗೆ ಅರಿಶಿಣ ಕಾಣಲಿಲ್ಲ. ಮೊಮ್ಮಗಳನ್ನು ಕರೆದು ಕೇಳಿದೆವು. "ತಾತ, ಆಕಾಶ ಚಹಾದ ಬಣ್ಣ ಇದೆ" ಅಂದಳು. ಎರಡೂ ಕಣ್ಣಿಗೆ ಪೊರೆ ಎಂದು ಡಾಕ್ಟರು ಹೇಳಿದ್ದು ಆಮೇಲೆ. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಹಳದಿಗಟ್ಟುತ್ತದೆ, ಹಳೆಯ ಅಗಸೆ ಎಣ್ಣೆಯ ಹಾಗೆಯೇ. ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲ. ಇದು ಎಷ್ಟು ನಿಧಾನವಾಗಿ ಆಗುತ್ತದೆಂದರೆ, ಕಳೆದುಕೊಂಡವನಿಗೆ ಕಳೆದದ್ದೇ ಗೊತ್ತಾಗುವುದಿಲ್ಲ. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಕ್ಲಾಡ್ ಮೊನೆಗೂ ಇದೇ ತೊಂದರೆ. ಟ್ಯೂಬಿನ ಮೇಲಿನ ಹೆಸರು ಓದಿಕೊಂಡು ಬಣ್ಣ ಹಚ್ಚುವ ಸ್ಥಿತಿಗೆ ಬಂದಿದ್ದ ಅವನು 1923ರಲ್ಲಿ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ.

ನಮ್ಮ ಎಡಗಣ್ಣಿನ ಪೊರೆಯನ್ನು ಕಳೆದ ದೀಪಾವಳಿಯ ನಂತರ ತೆಗೆದರು. ಬಲಗಣ್ಣು ಇನ್ನೂ ಬಾಕಿ. ಒಂದು ಕಣ್ಣು ಹೊಸದು, ಒಂದು ಹಳೆಯದು. ಇಂಥ ಅವಕಾಶ ಜನ್ಮದಲ್ಲಿ ಒಮ್ಮೆ ಮಾತ್ರ! ವೈದ್ಯರ ಅಪ್ಪಣೆ ಪಡೆದು, ಎಳ್ಳಮಾವಾಸ್ಯೆಯ ಹೊತ್ತಿಗೆ ನಮ್ಮ ಮನೆಯವರು, ಮೊಮ್ಮಗಳು ಮತ್ತು ನಾವು ಉರುಕುಂದಕ್ಕೆ ಹೊರಟೆವು.

ಹೊಲದ ಬದುವಿನಲ್ಲಿ ಕುಳಿತು ಎಡಗಣ್ಣು ಮುಚ್ಚಿ ನೋಡಿದೆವು. ಗುಡ್ಡ ಬೆಲ್ಲದ ಬಣ್ಣ, ಹೊಲ ಬೆಲ್ಲದ ಬಣ್ಣ, ಆಕಾಶ ಹಳೆಯ ಖಾತೆ ಪುಸ್ತಕದ ಹಾಳೆ. ಬಲಗಣ್ಣು ಮುಚ್ಚಿದೆವು. ಗುಡ್ಡದ ನೆರಳಿನಲ್ಲಿ ನೀಲಿ! ಹತ್ತಿ ಬಿಡಿಸಿದ ಗಿಡದ ಕೆಳಗೆ ನೀಲಿ. ಬಿಳಿ ಅರಳೆಯ ಮೇಲೆ ಕೂಡ ಒಂದು ಬಗೆಯ ನೀಲಿ. ಸಮ್ ದಿಣ್ಣೆಯ ಹುಡುಗ "ನೆರಳು ನೋಡಿ" ಎಂದಿದ್ದು ನೆನಪಾಯಿತು. ಎರಡು ಸಣ್ಣ ಬಟ್ಟೆ ಇಟ್ಟುಕೊಂಡು ಅದೇ ಗುಡ್ಡವನ್ನು ಒಂದು ಸಂಜೆ ಒಂದು ಕಣ್ಣಿನಲ್ಲಿ, ಮರುದಿನ ಸಂಜೆ ಇನ್ನೊಂದು ಕಣ್ಣಿನಲ್ಲಿ ಬರೆದೆವು. ಪಕ್ಕಪಕ್ಕ ಇಟ್ಟರೆ ಇಬ್ಬರು ಬೇರೆ ಬೇರೆ ಮನುಷ್ಯರು ಬರೆದಂತಿವೆ. ನಮ್ಮ ಮನೆಯವರಿಗೆ ನೀಲಿ ನೆರಳಿನದು ಇಷ್ಟವಾಯಿತು. ಮೊಮ್ಮಗಳು ಮಾತ್ರ ಹಳೆಯ ಕಣ್ಣಿನ ಬೆಲ್ಲದ ಗುಡ್ಡವೇ ಚೆಂದ ಎಂದು ಅದನ್ನು ತನ್ನ ಓದುವ ಕೋಣೆಗೆ ಒಯ್ದಿದ್ದಾಳೆ.

ಎಳ್ಳಮಾವಾಸ್ಯೆಗೆ ರಾಯಚೂರು, ಬಳ್ಳಾರಿ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ಪದ್ಧತಿ ವಾಚಕರಿಗೆ ಗೊತ್ತಿದ್ದದ್ದೇ. ನಾವೂ ಸಜ್ಜೆರೊಟ್ಟಿ, ಪುಂಡಿಪಲ್ಯ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು. ಸೂರ್ಯ ಮುಳುಗುವ ಮೊದಲೇ ನಮ್ಮ ಊಟ ಮುಗಿಯುತ್ತದೆ. ಇದರಿಂದ ಒಂದು ಲಾಭ ಇದೆ, ಯಾರೂ ಹೇಳುವುದಿಲ್ಲ. ಬೇರೆಯವರು ಒಲೆ ಹಚ್ಚುವ ಹೊತ್ತಿಗೆ ನಾವು ಕೈಕಾಲು ಚಾಚಿ ಆಕಾಶ ನೋಡಬಹುದು.

ಮಾಗಿಯಲ್ಲಿ ಇಲ್ಲಿ ಐದೂವರೆ, ಆರಕ್ಕೆಲ್ಲ ಸೂರ್ಯಾಸ್ತ. ಏಳು ದಾಟಿದರೆ ಪೂರ್ತಿ ಕತ್ತಲು. ದೇವಸ್ಥಾನದ ದೀಪಗಳು ಈಗ ಬಹಳ ಪ್ರಖರವಾಗಿರುವುದರಿಂದ ಊರಿನಿಂದ ಎರಡು ಮೂರು ಮೈಲಿ ದೂರ ಹೋಗಿ ಕೂರಬೇಕು. ಕಣ್ಣು ಕತ್ತ��ಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ನಡುವೆ ಒಬ್ಬರು ಮೊಬೈಲ್ ತೆಗೆದರೆ ಎಲ್ಲರಿಗೂ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡರೆ ಬಾಧೆಯಿಲ್ಲ.

ಎಂಟರ ಸುಮಾರಿಗೆ ಮೂಡಣದಲ್ಲಿ ಮೃಗಶಿರ, ಆರ್ದ್ರಾ ಎದ್ದಿರುತ್ತವೆ. ಅವುಗಳ ಮೇಲೆ ಕೆಂಪಗೆ ರೋಹಿಣಿ, ಅದಕ್ಕೂ ಮೇಲೆ ಕೃತ್ತಿಕೆ. ಈ ಆರ್ದ್ರಾ ನಕ್ಷತ್ರ 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಬರಿಗಣ್ಣಿಗೆ ಗೊತ್ತಾಗುವಷ್ಟು ಮಂಕಾಗಿತ್ತು. ಸಿಡಿದೇಹೋಗುತ್ತದೆಂದು ಕೆಲವರು ಕಾದರು. ಅದು ಉಗುಳಿದ ಧೂಳೇ ಅದಕ್ಕೆ ಅಡ್ಡ ಬಂದಿತ್ತೆಂದು ಆಮೇಲೆ ತಿಳಿಯಿತು. ಬೇಸಿಗೆಯ ಹೊತ್ತಿಗೆ ಮತ್ತೆ ಹಳೆಯ ದರಕ್ಕೆ ಬಂತು. ತುಸು ಹೊತ್ತಿನ ಮೇಲೆ ಲುಬ್ಧಕ ಏಳುತ್ತದೆ, ಇಡೀ ರಾತ್ರಿಯಾಕಾಶದ ನಕ್ಷತ್ರಗಳಲ್ಲಿ ಅತ್ಯಂತ ಪ್ರಕಾಶದ್ದು. ಅದರ ಬೆಳಕು ನಮ್ಮನ್ನು ತಲುಪಲು ಎಂಟೂವರೆ ವರ್ಷಕ್ಕೂ ಸ್ವಲ್ಪ ಹೆಚ್ಚು ಬೇಕು. ಮೊಮ್ಮಗಳಿಗೆ ಹದಿಮೂರು. "ಹಾಗಾದರೆ ಈ ಬೆಳಕು ಹೊರಟಾಗ ನಾನು ಯು.ಕೆ.ಜಿ.ಗೂ ಸೇರಿರಲಿಲ್ಲ" ಎಂದು ಲೆಕ್ಕ ಹಾಕಿದಳು. ಕೃತ್ತಿಕೆಯದು ಸುಮಾರು 440 ವರ್ಷ ಹಳೆಯ ಬೆಳಕು. ತಾಳಿಕೋಟೆಯ ಯುದ್ಧ ಮುಗಿದು ಎರಡು ದಶಕವಾಗಿದ್ದಾಗ ಹೊರಟದ್ದು.

ನಮ್ಮ ಸೂರ್ಯಪ್ರಜ್ಞಪ್ತಿಯಲ್ಲಿ ನಕ್ಷತ್ರಗಳು ಇಪ್ಪತ್ತೆಂಟು, ಎಣಿಕೆ ಅಭಿಜಿತ್‌ನಿಂದ ಆರಂಭ. ಪಂಚಾಂಗದಲ್ಲಿ ಇಪ್ಪತ್ತೇಳು, ಅಶ್ವಿನಿಯಿಂದ. ನಮ್ಮ ಮನೆಯವರಿಗೆ ಎರಡೂ ಬಾಯಿಪಾಠ. ಆದರೆ ಆಕಾಶದಲ್ಲಿ ಬೆರಳಿಟ್ಟು ತೋರಿಸಿದ್ದು ನಮ್ಮ ರೈತನ ಹೆಂಡತಿ. ಕೃತ್ತಿಕೆಗೆ ಆಕೆ ಹೇಳಿದ ಹೆಸರು 'ಪಿಲ್ಲಲ ಕೋಡಿ', ಎಂದರೆ ಮರಿಗಳ ಕೋಳಿ.

ಹತ್ತು ಗಂಟೆಯ ಮೇಲೆ ದಕ್ಷಿಣದ ಕಡೆ ಅಗಸ್ತ್ಯ ಕಾಣುತ್ತದೆ. ಲುಬ್ಧಕ ಬಿಟ್ಟರೆ ಎರಡನೆಯ ಪ್ರಕಾಶದ ನಕ್ಷತ್ರ ಅದು. ಜೈಸಲ್ಮೇರಿನಲ್ಲಿ ಅದು ತುಂಬ ಮೇಲೇರಿದರೂ ದಿಗಂತದಿಂದ ಹತ್ತು ಡಿಗ್ರಿಯಷ್ಟೇ, ಮರಳಿನ ಧೂಳಿನಲ್ಲೇ ಮಿಣುಕುತ್ತದೆ. ಉರುಕುಂದದಲ್ಲಿ ಇಪ್ಪತ್ತೊಂದು ಡಿಗ್ರಿ. ಜನವರಿ ಮೊದಲ ವಾರದ ನಡುರಾತ್ರಿಯ ಹೊತ್ತಿಗೆ ಗುಡ್ಡದ ನೆತ್ತಿಯ ಮೇಲೆ ದೀಪ ಇಟ್ಟ ಹಾಗೆ ನಿಲ್ಲುತ್ತದೆ. ಪ್ಯಾರಿಸ್, ಲಂಡನ್ನಿನವರಿಗೆ ಅದು ಏಳುವುದೇ ಇಲ್ಲ. ಮರುಭೂಮಿಯ ಆಕಾಶ ನೋಡಲು ಸಾವಿರಾರು ರೂಪಾಯಿ ಕೊಟ್ಟು ಡೇರೆಯಲ್ಲಿ ಮಲಗುವವರಿಗೆ ಈ ಒಂದು ವಿಷಯ ಯಾರಾದರೂ ಹೇಳಬೇಕು.

ರಾತ್ರಿಯ ಆಕಾಶವನ್ನು ರಾತ್ರಿಯೇ ಬರೆಯಲು ಆಗುವುದಿಲ್ಲ. ಕತ್ತಲಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯದು, ಹಲಗೆಯ ಮೇಲೆ ನೀಲಿ ಯಾವುದು, ಕೆಂಪು ಯಾವುದು ಎಂದು ಕಾಣದು. ನೋಡಿ ನೆನಪಿಟ್ಟುಕೊಂಡು ಬೆಳಿಗ್ಗೆ ಬರೆಯಬೇಕು. ಕಪ್ಪು ಬಳಿದು ಮೇಲೆ ಬಿಳಿ ಚುಕ್ಕಿ ಇಟ್ಟರೆ ಸೀರೆಯ ಅಂಚಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಸುಟ್ಟ ಕಂದು ಬೆರೆಸಿ, ದಿಗಂತದ ಹತ್ತಿರ ಬೂದಿ ಮಿಶ್ರ ಮಾಡಿ, ಆ ಮೇಲೆ ಚುಕ್ಕಿ. ರೋಹಿಣಿಗೆ ತುಸು ಕೇಸರಿ, ಲುಬ್ಧಕಕ್ಕೆ ಬಿಳಿಯಲ್ಲಿ ಒಂದು ಕಣ ನೀಲಿ. ಸಣ್ಣ ಚುಕ್ಕಿಗಳನ್ನು ಮೊಮ್ಮಗಳು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಚಿಮುಕಿಸಿದಳು. ಅವಳ ಫ್ರಾಕಿನ ಮೇಲೂ ಒಂದಷ್ಟು ನಕ್ಷತ್ರ ಮಂಡಲ ಮೂಡಿತು.

ಮರಳಿನ ಮಾತು ಬಾಕಿ ಇತ್ತು. ಅನಂತಪುರ ಜಿಲ್ಲೆಯ ಬೊಮ್ಮನಹಾಳ ಮಂಡಲದಲ್ಲಿ, ಬಳ್ಳಾರಿ ಗಡಿಗೆ ಅಂಟಿಕೊಂಡು, ದರ್ಗಾ ಹೊನ್ನೂರು ಎಂಬ ಊರಿದೆ. ಅಲ್ಲಿ ನಿಜವಾದ ಮರಳುದಿಣ್ಣೆಗಳಿವೆ. ಹಗರಿ, ಅಂದರೆ ವೇದಾವತಿ ಹೊಳೆಯ ಒಣಪಾತ್ರದ ಮರಳನ್ನು ಮುಂಗಾರಿನ ಪಡುವಣ ಗಾಳಿ ಎತ್ತಿ ಮೂಡಣ ದಂಡೆಯ ಹೊಲಗಳ ಮೇಲೆ ಸುರಿದು ಆದದ್ದು. ನಾವು ಒಮ್ಮೆ ಬಣ್ಣದ ಪೆಟ್ಟಿಗೆಯೊಂದಿಗೆ ಹೋಗಿದ್ದೆವು. ಅಲೆ ಅಲೆಯಾಗಿ ಸಮ್ ದಿಣ್ಣೆಯ ತುಣುಕೇ. ಬಹಳ ಸಂತೋಷದಿಂದ ಬರೆಯುತ್ತಿದ್ದಾಗ ಒಬ್ಬ ಮುದುಕ ಬಂದು ಹಿಂದೆ ನಿಂತ. ಚಿತ್ರದ ಎಡಮೂಲೆಯಲ್ಲಿದ್ದ ಒಂದು ದಿಣ್ಣೆಗೆ ಬೆರಳು ತೋರಿಸಿ, "ಇದರ ಕೆಳಗ ನಮ್ಮ ಹೊಲ ಐತ್ರೀ" ಅಂದ. ಆಮೇಲೆ ಕುಂಚ ಮುಂದಕ್ಕೆ ಓಡಲಿಲ್ಲ. ಆ ಚಿತ್ರ ಅರ್ಧಕ್ಕೇ ಇದೆ, ಹಾಗೆಯೇ ಇಟ್ಟಿದ್ದೇವೆ. ಉರುಕುಂದದ ಬಯಲು ಬರಡಾಗಿ ಕಂಡರೂ ಮುಂಗಾರಿಗೆ ಮತ್ತೆ ಹತ್ತಿ ಹೊರುತ್ತದೆ. ದರ್ಗಾ ಹೊನ್ನೂರಿನ ಆ ಹೊಲ ಹೊರುವುದಿಲ್ಲ. ಬರೆಯುವವನಿಗೆ ಎರಡೂ ಒಂದೇ ಎಂದು ಹೇಳುವ ಧೈರ್ಯ ನಮಗಿಲ್ಲ.

ಹೋಗಬಯಸುವವರಿಗೆ ಎರಡು ಮಾತು. ಗುಂತಕಲ್ಲು ರಾಯಚೂರು ರೈಲುದಾರಿಯಲ್ಲಿ ಆದೋನಿ ಇದೆ, ಅಲ್ಲಿಂದ ಕೌತಾಳದ ಮೇಲೆ ಉರುಕುಂದಕ್ಕೆ ಬಸ್ಸು. ಆದೋನಿಯ ಕೋಟೆಬೆಟ್ಟದ ಬಂಡೆಯಲ್ಲಿ ಕಡೆದ ತೀರ್ಥಂಕರ ಮೂರ್ತಿಗಳ ದರ್ಶನ ಮಾಡಿಕೊಂಡೇ ಮುಂದೆ ಹೋಗಿರಿ. ಬಿಡುವಿದ್ದರೆ ಗುಂತಕಲ್ಲಿನ ಹತ್ತಿರದ ಕೊನಕೊಂಡ್ಲಕ್ಕೂ ಹೋಗಬಹುದು. ಆಚಾರ್ಯ ಕುಂದಕುಂದರ ಊರೆಂದು ನಂಬಿಕೆ ಇರುವ ಸ್ಥಳ, ರಸಸಿದ್ಧರ ಗುಡ್ಡದ ಮೇಲೆ ಜಿನಬಿಂಬಗಳಿವೆ. ಆಕಾಶ ನೋಡಲು ಡಿಸೆಂಬರಿನಿಂದ ಫೆಬ್ರವರಿವರೆಗಿನ ಅಮಾವಾಸ್ಯೆಯ ಆಚೀಚೆಯ ಮೂರು ನಾಲ್ಕು ದಿನ ಸರಿ. ಹಗಲು ಸೆಕೆ ಇದ್ದರೂ ರಾತ್ರಿ ಎರಡು ಕಂಬಳಿ ಬೇಕು. ಹೊಲದವರನ್ನು ಕೇಳದೆ ಹೊಲಕ್ಕೆ ಇಳಿಯಬಾರದು.

ಕೃತ್ತಿಕೆಯಲ್ಲಿ ಎಷ್ಟು ಚುಕ್ಕಿ ಕಂಡವು ಎಂದು ಕೇಳುವವರಿಗೆ: ಹಳೆಯ ಕಣ್ಣಿಗೆ ಒಂದೂ ಇಲ್ಲ, ಬರೀ ಮಂಜಿನ ಉಂಡೆ. ಹೊಸ ಕಣ್ಣಿಗೆ ಆರು. ಮೊಮ್ಮಗಳು ಒಂಬತ್ತು ಎಂದು ಹಟ ಹಿಡಿದಳು, ಕಾಗದದ ಮೇಲೆ ಗುರುತು ಹಾಕಿ ತೋರಿಸಿದಳು. ಬೈನಾಕ್ಯುಲರಿನಲ್ಲಿ ನೋಡಿದಾಗ ಅವಳ ಗುರುತಿನ ಜಾಗದಲ್ಲೆಲ್ಲ ಚುಕ್ಕಿ ಇತ್ತು. ಬಲಗಣ್ಣಿನ ಶಸ್ತ್ರಚಿಕಿತ್ಸೆಗೆ ಯುಗಾದಿಯ ನಂತರದ ದಿನ ಕೊಟ್ಟಿದ್ದಾರೆ. ಅಷ್ಟರೊಳಗೆ ಹಳೆಯ ಕಣ್ಣಿನಲ್ಲಿ ಇನ್ನೊಂದು ಬೆಲ್ಲದ ಗುಡ್ಡ ಬರೆದುಕೊಡಬೇಕೆಂದು ಅವಳ ಅಪ್ಪಣೆಯಾಗಿದೆ. ಶಿವರಾತ್ರಿಯ ಅಮಾವಾಸ್ಯೆಗೆ ಮತ್ತೆ ಉರುಕುಂದಕ್ಕೆ ಹೋಗುತ್ತಿದ್ದೇವೆ.